ಸಂಡೂರು ಗುಡ್ಡದಿಂದ ಎರೆ ಹೊಲದವರೆಗೆ: ಪಿಕಪ್‌ಗೆ ಲಾಂಗ್ ಟ್ರಾವೆಲ್ ಸಸ್ಪೆನ್ಷನ್ ಹಾಕುವುದು ಹೇಗೆ

"ಗಾಡಿಗೆ ಎಷ್ಟು ಇಂಚು ಲಿಫ್ಟ್ ಹಾಕಿಸಲಿ?" ಬಳ್ಳಾರಿ, ರಾಯಚೂರು, ಕೊಪ್ಪಳದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಹೊಲಕ್ಕೆ ಹೋಗಿಬರುವವರು ಕೇಳುತ್ತಾರೆ, ಕ್ವಾರಿ ನೋಡಿಕೊಳ್ಳುವವರು ಕೇಳುತ್ತಾರೆ, ಭಾನುವಾರ ಗೆಳೆಯರ ಜೊತೆ ಗುಡ್ಡ ಹತ್ತಿಸುವವರೂ ಕೇಳುತ್ತಾರೆ. ಆದರೆ ನಿಮಗೆ ನಿಜವಾಗಿ ಬೇಕಾಗಿರುವ ಲೆಕ್ಕ ಬೇರೆ. ಚಕ್ರ ಈಗಿರುವ ಜಾಗದಿಂದ ಎಷ್ಟು ಮೇಲೆ ಹೋಗುತ್ತದೆ? ಎಷ್ಟು ಕೆಳಗೆ ಇಳಿಯುತ್ತದೆ? ಈ ಎರಡನ್ನೂ ಕೂಡಿಸಿದರೆ ಬರುವುದೇ ಟ್ರಾವೆಲ್. ಮೇಲೆ ಹೋಗುವ ಪಾಲಿಗೆ ಬಂಪ್ ಅಂತಾರೆ, ಕೆಳಗೆ ಇಳಿಯುವ ಪಾಲಿಗೆ ಡ್ರೂಪ್ ಅಂತಾರೆ.

ಲಿಫ್ಟ್ ಹಾಕಿದರೆ ಗಾಡಿ ಎತ್ತರವಾಗುತ್ತದೆ, ಅಷ್ಟೇ. ಟ್ರಾವೆಲ್ ಜಾಸ್ತಿ ಆಗಲೇಬೇಕು ಅಂತೇನಿಲ್ಲ. ಎಷ್ಟೋ ಸಲ ಕಡಿಮೆಯೇ ಆಗುತ್ತದೆ. ಕಾಯಿಲ್ ಸ್ಪ್ರಿಂಗ್ ಒತ್ತಿ ಹಿಡಿಯುವ ಹಾಗೆ ಸ್ಪೇಸರ್ (ನಡುವೆ ಇಡುವ ತುಂಡು) ಹಾಕಿದರೆ ಶಾಕ್ ಅಬ್ಸಾರ್ಬರ್ ಉದ್ದ ಹಳೆಯದೇ ಇರುತ್ತದೆ. ಗಾಡಿ ಎದ್ದು ನಿಂತಷ್ಟು ಡ್ರೂಪ್ ಹೋಯಿತು. ಶಾಕ್‌ನ ತಲೆಯ ಮೇಲೆ ಸ್ಪೇಸರ್ ಕೂರಿಸಿದರೆ ಇಡೀ ಓಟವೇ ಕೆಳಗೆ ಜರುಗುತ್ತದೆ. ಆಗ ಬಾಲ್ ಜಾಯಿಂಟ್ (ಚಕ್ರದ ಕಡೆಯ ಗುಂಡು ಕೀಲು), ಆಕ್ಸಲ್ ಜಾಯಿಂಟ್‌ಗಳು ತಡೆದುಕೊಳ್ಳದ ಕೋನಕ್ಕೆ ಹೋಗುತ್ತವೆ. ಜೊತೆಗೆ ಚಕ್ರ ಬಂಪ್ ಸ್ಟಾಪರ್ (ಮೇಲಿನ ಕೊನೆಗೆ ತಡೆಯುವ ರಬ್ಬರ್) ಮುಟ್ಟುವ ಮೊದಲೇ ಶಾಕ್ ಒಳಗೆ ಪೂರ್ತಿ ಕೂತು ಬಡಿಯುತ್ತದೆ. ಆನೆಗುಂದಿ ಕಡೆಯಂಥ ಬಂಡೆ ನೆಲದಲ್ಲಿ ಒಂದು ಚಕ್ರ ಗಾಳಿಯಲ್ಲಿ ತಿರುಗುವುದು ಎತ್ತರ ಸಾಲದ್ದಕ್ಕಲ್ಲ, ಆ ಚಕ್ರ ಕೆಳಗೆ ಇಳಿಯದ್ದಕ್ಕೆ.

ಮುಂದೆ ಡಬಲ್ ವಿಶ್‌ಬೋನ್ (ಮೇಲೊಂದು ಕೆಳಗೊಂದು ಆರ್ಮ್), ಕಾಯಿಲ್ ಸ್ಪ್ರಿಂಗ್, ಹಿಂದೆ ಲೀಫ್ ಸ್ಪ್ರಿಂಗ್ ಇರುವ ಪಿಕಪ್ ಅಂತ ಇಟ್ಟುಕೊಂಡು ಈ ಲೇಖನ ಬರೆದಿದ್ದೇನೆ. ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಈ ಜಾತಿಯವು. ಜಿಮ್ನಿಯಲ್ಲಿ ಎರಡೂ ಕಡೆ ಗಟ್ಟಿ ಆಕ್ಸಲ್ (ಎಡಬಲ ಚಕ್ರ ಎರಡನ್ನೂ ಜೋಡಿಸುವ ಒಂದೇ ದಂಡ) ಮತ್ತು ಕಾಯಿಲ್ ಸ್ಪ್ರಿಂಗ್. ಹಳೆಯ ಜಿಪ್ಸಿಯಲ್ಲಿ ನಾಲ್ಕೂ ಕಡೆ ಲೀಫ್. 2020ರ ನಂತರದ ಥಾರ್‌ನಲ್ಲಿ ಮುಂದೆ ವಿಶ್‌ಬೋನ್, ಹಿಂದೆ ಗಟ್ಟಿ ಆಕ್ಸಲ್ ಜೊತೆ ಕಾಯಿಲ್. ಈ ಗಾಡಿಗಳಿಗೆ ಎಲ್ಲಿ ಬೇರೆಯಾಗುತ್ತದೋ ಅಲ್ಲಲ್ಲೇ ಹೇಳುತ್ತೇನೆ.

ಪಾನಾ ಹಿಡಿಯುವ ಮುಂಚೆ ಕಾನೂನು

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೆಕ್ಷನ್ 182ಎ ಬಂತು. ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಸವೆದ ಸ್ಪ್ರಿಂಗ್, ಶಾಕ್ ತೆಗೆದು ಅದೇ ಅಳತೆಯ ಒಳ್ಳೆಯ ಮಾಲು ಹಾಕುವುದು ಬೇರೆ ಮಾತು. ಚಾಸಿಗೆ ವೆಲ್ಡಿಂಗ್ ಮಾಡಿ ಮೌಂಟ್ ಬದಲಾಯಿಸುವುದು ಬೇರೆ ಮಾತು. ಎರಡನೆಯ ಜಾತಿಯ ಕೆಲಸ ಹೊಲ, ಕ್ವಾರಿ, ಸ್ಪರ್ಧೆಯ ಟ್ರ್ಯಾಕ್ ಮುಂತಾದ ಖಾಸಗಿ ಜಾಗದಲ್ಲಷ್ಟೇ ಓಡುವ ಗಾಡಿಗೆ ಮಾತ್ರ ಇಟ್ಟುಕೊಳ್ಳಿ. ರಸ್ತೆಗೆ ಇಳಿಯುವ ಗಾಡಿಯಾದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸಿ, ಬಾಯಲ್ಲಿ ಹೇಳಿದರೆ ಸಾಲದು.

ಇನ್ನೊಂದು ಮಾತು. ದರೋಜಿ ಕರಡಿಧಾಮದ ಕಡೆ, ಸಂಡೂರಿನ ಕಾಡಿನೊಳಗೆ, ಹಂಪಿ-ಆನೆಗುಂದಿಯ ಸ್ಮಾರಕಗಳ ಸುತ್ತ ಗಾಡಿ ಪರೀಕ್ಷೆ ಮಾಡಲು ಹೋಗಬೇಡಿ. ಆ ಕಲ್ಲು, ಆ ಕಾಡು ನಮ್ಮವು.

ಏನೇನು ಬೇಕು

ಸಮತಟ್ಟಾದ ಕಾಂಕ್ರೀಟ್ ನೆಲ. ಎರಡು ಟನ್‌ಗಿಂತ ಕಡಿಮೆ ಇಲ್ಲದ ಟ್ರಾಲಿ ಜಾಕಿ. ನಾಲ್ಕು ಗಟ್ಟಿ ಸ್ಟ್ಯಾಂಡ್. ಟಾರ್ಕ್ ರೆಂಚ್, ಅಂದರೆ ಎಷ್ಟು ಬಲಕ್ಕೆ ಬಿಗಿಯಾಯಿತು ಅಂತ ಹೇಳುವ ಪಾನಾ. ಕೋನ ಅಳೆಯುವ ಮೀಟರ್, ಟೇಪು, ಪೇಂಟ್ ಮಾರ್ಕರ್, ಒಂದು ನೋಟ್‌ಬುಕ್. ನಿಮ್ಮ ಗಾಡಿಯ ವರ್ಕ್‌ಶಾಪ್ ಮ್ಯಾನುಯಲ್ ಇಲ್ಲದೆ ಶುರು ಮಾಡಬೇಡಿ. ಪ್ರತಿ ಬೋಲ್ಟ್‌ನ ಟಾರ್ಕ್ ಲೆಕ್ಕ ಅದರಲ್ಲೇ ಇರುವುದು.

ನಮ್ಮ ಕಡೆ ಸ್ಟ್ಯಾಂಡ್ ಬದಲು ಗ್ರಾನೈಟ್ ತುಂಡು, ಇಟ್ಟಿಗೆ ಇಡುವ ರೂಢಿ ಇದೆ. ದಯವಿಟ್ಟು ಬೇಡ. ಕಲ್ಲು ಎಷ್ಟೇ ಗಟ್ಟಿ ಇದ್ದರೂ ಒಂದೇ ಚುಕ್ಕೆಯ ಮೇಲೆ ಭಾರ ಬಿದ್ದಾಗ ಸದ್ದಿಲ್ಲದೆ ಸೀಳುತ್ತದೆ. ಕೆಳಗೆ ಮನುಷ್ಯ ಮಲಗಿರುತ್ತಾನೆ.

ಹಂತ 1: ತೂಕ ಮತ್ತು ನಿಂತ ಎತ್ತರ

ಸ್ಪ್ರಿಂಗ್ ಆರಿಸುವುದು ತೂಕ ನೋಡಿ, ಚಂದ ನೋಡಿ ಅಲ್ಲ. ಇದರಲ್ಲಿ ನಮಗೆ ಅನುಕೂಲ ಇದೆ. ತೋರಣಗಲ್ಲು, ಸಂಡೂರು ಕಡೆ ಅದಿರು ಲಾರಿಗಳಿಗೆ, ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ರೈಸ್ ಮಿಲ್‌ಗಳಿಗೆ ಅಂತ ವೇಬ್ರಿಡ್ಜ್‌ಗಳು ಬೇಕಾದಷ್ಟಿವೆ. ನೀವು ದಿನಾ ಹೊರುವ ಸಾಮಾನು, ಟ್ಯಾಂಕ್ ತುಂಬ ಡೀಸೆಲ್, ಕೂರುವ ಜನ ಎಲ್ಲ ಸೇರಿಸಿ ತೂಗಿಸಿ. ಮೊದಲು ಮುಂದಿನ ಚಕ್ರ ಮಾತ್ರ ಮೇಲೆ ನಿಲ್ಲಿಸಿ, ಆಮೇಲೆ ಹಿಂದಿನದು ಮಾತ್ರ. ಎರಡೂ ಬರೆದುಕೊಳ್ಳಿ. ಖಾಲಿ ಗಾಡಿಯ ತೂಕವೂ ಬೇಕು.

ಮನೆಗೆ ಬಂದು ಸಮ ನೆಲದಲ್ಲಿ ನಿಲ್ಲಿಸಿ, ಪ್ರತಿ ಚಕ್ರದ ನಟ್ಟನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆಯಬೇಡಿ, ಟೈರ್ ಗಾಳಿ ಹೆಚ್ಚುಕಡಿಮೆ ಆದರೆ ಲೆಕ್ಕ ತಪ್ಪುತ್ತದೆ. ನಾಲ್ಕೂ ಅಂಕಿಗಳನ್ನು ಬಾಗಿಲಿನ ಒಳಗೆ ಬರೆದಿಟ್ಟರೂ ಸರಿ. ಮುಂದಿನ ಎಲ್ಲ ಕೆಲಸಕ್ಕೂ ಇವೇ ಆಧಾರ.

ಹಂತ 2: ಸ್ಪ್ರಿಂಗ್ ಇಲ್ಲದೆ ಚಕ್ರ ಆಡಿಸಿ ನೋಡುವುದು

ಇಡೀ ಕೆಲಸದ ತಿರುಳು ಇಲ್ಲಿದೆ. ಜನ ಇದನ್ನೇ ಬಿಟ್ಟುಬಿಡುತ್ತಾರೆ. ಕಿಟ್ ತರಿಸಿ, ಹಾಕಿ, ಗುಡ್ಡಕ್ಕೆ ಹೋಗಿ, ಅಲ್ಲಿ ಏನು ಮುರಿಯುತ್ತದೆ ನೋಡಿ ಕಲಿಯುತ್ತಾರೆ. ಶೆಡ್ಡಿನಲ್ಲಿ ಒಂದು ದಿನ ಕೂತರೆ ಅದೆಲ್ಲ ಮೊದಲೇ ಗೊತ್ತಾಗುತ್ತದೆ.

ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಮುಂದೆ ಕಾಯಿಲ್ ಮತ್ತು ಶಾಕ್ ಎರಡನ್ನೂ ಹೊರಗೆ ತೆಗೆಯಿರಿ. ಕಾಯಿಲ್‌ನಲ್ಲಿ ಅಡಗಿರುವ ಬಲ ಭಾರಿ. ಕಂಪ್ರೆಸರ್ ಟೂಲ್ ಚೆನ್ನಾಗಿಲ್ಲದಿದ್ದರೆ ಶಾಕ್‌ನಿಂದ ಕಾಯಿಲ್ ಬಿಡಿಸುವ ಕೆಲಸ ಮಾತ್ರ ಗ್ಯಾರೇಜಿಗೆ ಕೊಡಿ. ಹಿಂದೆ ಲೀಫ್ ಸ್ಪ್ರಿಂಗ್ ಇರುವುದರಿಂದ ಪೂರ್ತಿ ತೆಗೆಯಲು ಆಗುವುದಿಲ್ಲ, ಆಕ್ಸಲ್ ಹಿಡಿದಿರುವುದೇ ಅದು. ಅದಕ್ಕೆ ಮೈನ್ ಲೀಫ್ (ಎರಡೂ ತುದಿಗೆ ಕಣ್ಣಿರುವ ಉದ್ದ ಪಟ್ಟಿ) ಒಂದನ್ನೇ ಬಿಟ್ಟು ಉಳಿದ ಪಟ್ಟಿಗಳನ್ನು ಬಿಚ್ಚಿ, ಸೆಂಟರ್ ಬೋಲ್ಟ್ ಹಾಕಿ ಮತ್ತೆ ಕಟ್ಟಿ. ಈಗ ಜಾಕಿಯಿಂದ ಆಕ್ಸಲ್ ಮೇಲೆ ಕೆಳಗೆ ಸುಲಭವಾಗಿ ಆಡುತ್ತದೆ.

ಚಕ್ರ ಹಾಕಿಯೇ ಆಡಿಸಿ. ಜಾಕಿಯಿಂದ ನಿಧಾನ ಮೇಲೆತ್ತಿ. ಪ್ರತಿ 25 ಮಿಲಿಮೀಟರ್‌ಗೆ ನಿಲ್ಲಿಸಿ. ಟೈರ್ ಎಲ್ಲಿ ತಾಗುತ್ತದೆ? ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ನೋಡಿ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿ. ಆಮೇಲೆ ಕೆಳಗೆ ಇಳಿಸಿ. ಬಾಲ್ ಜಾಯಿಂಟ್ ತನ್ನ ಬಟ್ಟಲಿನ ಅಂಚಿಗೆ ತಾಗಿ ನಿಂತಿತೇ? ಆಕ್ಸಲ್ ಕೈಯಿಂದ ತಿರುಗಿಸಿದಾಗ ಸಿಕ್ಕಿಕೊಳ್ಳುತ್ತದೆಯೇ? ಮೇಲಿನ ಆರ್ಮ್ ಕಾಯಿಲ್ ಕೂರುವ ಜಾಗಕ್ಕೆ ಬಡಿಯುತ್ತದೆಯೇ? ಬ್ರೇಕ್ ಹೋಸ್ ಬಿಗಿಯಾಯಿತೇ? ಮೊದಲು ಅಡ್ಡ ಬಂದದ್ದು ಯಾವುದು, ಎಷ್ಟು ಮಿಲಿಮೀಟರ್‌ಗೆ ಅಂತ ಬರೆಯಿರಿ. ಆ ಅಂಕಿಯೇ ನಿಮ್ಮ ಗಾಡಿಯ ನಿಜವಾದ ಮಿತಿ. ಕಿಟ್ಟಿನ ಡಬ್ಬಿಯ ಮೇಲೆ ಏನೇ ಬರೆದಿರಲಿ.

ಹಿಂದೆ ಆಡಿಸುವಾಗ ಇನ್ನೊಂದು ನೋಡಬೇಕು. ಎರಡೂ ಕಡೆ ಒಟ್ಟಿಗೆ ಎತ್ತಿದರೆ ಸಾಲದು. ಒಂದು ಕಡೆ ಪೂರ್ತಿ ಮೇಲೆ, ಇನ್ನೊಂದು ಕಡೆ ಪೂರ್ತಿ ಕೆಳಗೆ ಬಿಡಿ. ಕಲ್ಲಿನ ನೆಲದಲ್ಲಿ ಆಗುವುದು ಇದೇ ಅಲ್ವಾ? ಈ ಸ್ಥಿತಿಯಲ್ಲಿ ಮೇಲೆ ಹೋದ ಟೈರ್ ಒಳಕ್ಕೆ ವಾಲುತ್ತದೆ, ನೇರ ಎತ್ತಿದಾಗ ಮುಟ್ಟದ ಜಾಗವನ್ನು ಈಗ ಮುಟ್ಟುತ್ತದೆ.

ಹಂತ 3: ಹಿಂದಿನ ಲೀಫ್ ಸ್ಪ್ರಿಂಗ್

ಗ್ಯಾರೇಜಿನಲ್ಲಿ ಮೊದಲು ಸಿಗುವ ಸಲಹೆ "ಇನ್ನೊಂದು ಪಟ್ಟಿ ಜಾಸ್ತಿ ಹಾಕ್ಸಿ". ಭತ್ತದ ಮೂಟೆ ಹೊರುವ ಗಾಡಿಗೆ ಅದು ಸರಿ. ಟ್ರಾವೆಲ್ ಬೇಕಾದವರಿಗೆ ಅದು ತಿರುಗುಬಾಣ. ಪಟ್ಟಿ ಹೆಚ್ಚಿದಷ್ಟೂ ಸ್ಪ್ರಿಂಗ್ ಗಟ್ಟಿ, ಗಟ್ಟಿಯಾದಷ್ಟೂ ಚಕ್ರ ಕಡಿಮೆ ಆಡುತ್ತದೆ. ಖಾಲಿ ಗಾಡಿ ಗರಸು ರಸ್ತೆಯಲ್ಲಿ ಕುಣಿಯಲು ಶುರು ಮಾಡುತ್ತದೆ.

ಎರಡನೇ ಸಲಹೆ ಕುಲುಮೆಯಲ್ಲಿ ಕಾಯಿಸಿ ಬಾಗಿಸುವುದು. ಸ್ಪ್ರಿಂಗ್ ಉಕ್ಕಿಗೆ ಆ ಗುಣ ಬರುವುದು ಕಾಯಿಸಿ, ತಣಿಸಿ, ಮತ್ತೆ ಹದ ಕೊಟ್ಟಾಗ. ಕೆಂಪಗೆ ಕಾಯಿಸಿ ಹಾಗೇ ಆರಲು ಬಿಟ್ಟರೆ ಹದ ಹೋಗುತ್ತದೆ. ಸ್ವಲ್ಪ ದಿನ ಎತ್ತರ ನಿಂತು ಆಮೇಲೆ ಕುಸಿಯುತ್ತದೆ, ಇಲ್ಲವೇ ಮುರಿಯುತ್ತದೆ. ತಣ್ಣಗೇ ಒತ್ತಿ ಬಾಗಿಸುವವರು, ಅಥವಾ ಹದ ಕೊಡುವ ಫರ್ನೇಸ್ ಇರುವವರು ಸಿಕ್ಕರೆ ಮಾತ್ರ ಹಳೆಯ ಪಟ್ಟಿ ಕೊಡಿ.

ಟ್ರಾವೆಲ್ ಬೇಕಾದರೆ ಉದ್ದವಾದ, ತೆಳುವಾದ, ನಿಮ್ಮ ತೂಕಕ್ಕೆ ಹೊಂದುವ ಸ್ಪ್ರಿಂಗ್ ಆರಿಸಿ. ಪ್ಯಾರಾಬೋಲಿಕ್ ಸ್ಪ್ರಿಂಗ್ ಕೇಳಿರಬಹುದು. ಪಟ್ಟಿ ನಡುವೆ ದಪ್ಪ, ತುದಿಗೆ ತೆಳು. ಪಟ್ಟಿಗಳು ಒಂದಕ್ಕೊಂದು ಉದ್ದಕ್ಕೂ ಉಜ್ಜುವುದಿಲ್ಲ, ಹಾಗಾಗಿ ಮೆತ್ತಗೆ ಆಡುತ್ತವೆ. ನಮ್ಮ ಧೂಳಿಗೆ ಇದು ಒಳ್ಳೆಯದು. ಮಾಮೂಲಿ ಪಟ್ಟಿಗಳ ನಡುವೆ ಅದಿರಿನ ಧೂಳು ಸೇರಿದರೆ ಅರದ ಪುಡಿಯ ಹಾಗೆ ತಿನ್ನುತ್ತದೆ.

ಶ್ಯಾಕಲ್ ಮೇಲೆ ಕಣ್ಣಿಡಿ. ಲೀಫ್ ಸ್ಪ್ರಿಂಗ್ ಹಿಂದಿನ ತುದಿಯಲ್ಲಿ ತೂಗುವ ಜೋಡಿ ಪಟ್ಟಿಯೇ ಶ್ಯಾಕಲ್. ಸ್ಪ್ರಿಂಗ್ ಚಪ್ಪಟೆಯಾದಂತೆ ಉದ್ದವಾಗುತ್ತದೆ, ಆ ಉದ್ದಕ್ಕೆ ಶ್ಯಾಕಲ್ ಹಿಂದಕ್ಕೆ ಜರುಗಿ ಜಾಗ ಕೊಡಬೇಕು. ಪೂರ್ತಿ ಮೇಲೆತ್ತಿದಾಗ ಶ್ಯಾಕಲ್ ಚಾಸಿಗೆ ತಾಗಬಾರದು. ಪೂರ್ತಿ ಇಳಿಸಿದಾಗ ಮುಂದಕ್ಕೆ ಮಗುಚಿ ಸ್ಪ್ರಿಂಗ್ ಮೇಲೆ ಕೂರಬಾರದು. ಎರಡರಲ್ಲಿ ಒಂದು ಆದರೂ ಹ್ಯಾಂಗರ್ (ಸ್ಪ್ರಿಂಗ್ ತುದಿಯನ್ನು ಚಾಸಿಗೆ ಹಿಡಿಯುವ ಬ್ರಾಕೆಟ್) ಜಾಗ ಅಥವಾ ಶ್ಯಾಕಲ್ ಉದ್ದ ಬದಲಾಯಿಸಬೇಕು. ಎತ್ತರಕ್ಕಾಗಿ ಸುಮ್ನೆ ಉದ್ದ ಶ್ಯಾಕಲ್ ಹಾಕಿದರೆ ಗಾಡಿ ಅಕ್ಕಪಕ್ಕ ಓಲಾಡುತ್ತದೆ, ಹಿಂದಿನ ಪಿನಿಯನ್ ಕೋನವೂ ಕೆಡುತ್ತದೆ.

ಪಿನಿಯನ್ ಕೋನ ಅಂದರೆ ಹಿಂದಿನ ಹೌಸಿಂಗ್‌ನ (ಆಕ್ಸಲ್ ಶಾಫ್ಟ್ ಒಳಗಿರುವ ಗೂಡು) ಮೂಗು ಎತ್ತ ನೋಡುತ್ತಿದೆ ಅನ್ನುವುದು. ಎರಡೂ ತುದಿಗೆ ಒಂದೊಂದು ಕ್ರಾಸ್ (ಯುನಿವರ್ಸಲ್ ಜಾಯಿಂಟ್) ಇರುವ ಮಾಮೂಲಿ ಪ್ರೊಪೆಲ್ಲರ್ ಶಾಫ್ಟ್ ಆದರೆ, ಗೇರ್‌ಬಾಕ್ಸ್ ಕಡೆಯ ಕೋನಕ್ಕೂ ಹೌಸಿಂಗ್ ಕಡೆಯ ಕೋನಕ್ಕೂ ಹೊಂದಿಕೆ ಇರಬೇಕು. ಲೀಫ್ ಸ್ಪ್ರಿಂಗ್ ಗಾಡಿಯಲ್ಲಿ ಎಳೆಯುವಾಗ ಮೂಗು ಮೇಲಕ್ಕೆ ತಿರುಚಿಕೊಳ್ಳುತ್ತದೆ. ಅದಕ್ಕೆ ನಿಂತಾಗ ಒಂದೆರಡು ಡಿಗ್ರಿ ಕೆಳಗೆ ಇಡುವುದು ವಾಡಿಕೆ. ತಪ್ಪಿದರೆ ಒಂದು ವೇಗಕ್ಕೆ ಬಂದಾಗ ಗಾಡಿ ನಡುಗುತ್ತದೆ, ಕ್ರಾಸ್ ಬೇಗ ಹೋಗುತ್ತದೆ. ಕೋನ ತಿದ್ದಲು ಸ್ಪ್ರಿಂಗ್ ಮತ್ತು ಹೌಸಿಂಗ್ ನಡುವೆ ಇಡುವ ಓರೆ ಶಿಮ್ (ತೆಳು ಬಿಲ್ಲೆ) ಸಿಗುತ್ತದೆ. ಉಕ್ಕಿನದ್ದೇ ತೆಗೆದುಕೊಳ್ಳಿ.

ಯು ಬೋಲ್ಟ್ (ಸ್ಪ್ರಿಂಗನ್ನು ಆಕ್ಸಲ್‌ಗೆ ಕಟ್ಟಿಹಿಡಿಯುವುದು) ಹಳೆಯದನ್ನು ಮತ್ತೆ ಹಾಕಬೇಡಿ. ಒಮ್ಮೆ ಎಳೆದು ಬಿಗಿದ ಬೋಲ್ಟ್ ಮೊದಲಿನ ಹಿಡಿತ ಕೊಡುವುದಿಲ್ಲ. ಎತ್ತರಕ್ಕೆ ಬ್ಲಾಕ್ ಇಡುವುದಾದರೆ ಹಿಂದೆ ಮಾತ್ರ, ಒಂದೇ ಒಂದು. ಒಂದರ ಮೇಲೊಂದು ಪೇರಿಸಬೇಡಿ. ಜಿಪ್ಸಿಯವರು ಮುಂದಿನ ಆಕ್ಸಲ್‌ಗೆ ಬ್ಲಾಕ್ ಹಾಕಲೇಬೇಡಿ. ಬ್ರೇಕ್ ಹೊಡೆದಾಗ ಅದು ಜಾರಿ ಬಂದರೆ ಸ್ಟೀರಿಂಗ್ ಕೈಯಲ್ಲಿ ಉಳಿಯುವುದಿಲ್ಲ.

ಹಂತ 4: ಮುಂದಿನ ಭಾಗ

ಮುಂದೆ ಸಿಗುವ ಟ್ರಾವೆಲ್‌ಗೆ ಮಿತಿ ಹಾಕುವುದು ಬಾಲ್ ಜಾಯಿಂಟ್ ಮತ್ತು ಆಕ್ಸಲ್‌ನ ಸಿವಿ ಜಾಯಿಂಟ್ (ಬಾಗಿದಾಗಲೂ ಚಕ್ರ ತಿರುಗಿಸುವ ಕೀಲು). ಮೇಲಿನ ಆರ್ಮ್ ಬದಲಾಯಿಸಿದರೆ ಬಾಲ್ ಜಾಯಿಂಟ್ ಕೋನ ಸುಧಾರಿಸುತ್ತದೆ, ಮುಂದೆ ಹೇಳುವ ಕ್ಯಾಸ್ಟರ್ ಕೂಡ ಸರಿಮಾಡಲು ಜಾಗ ಸಿಗುತ್ತದೆ. ಎತ್ತರ ಸ್ವಲ್ಪ ಹೆಚ್ಚಿಸುವವರಿಗೆ ಇಷ್ಟು ಸಾಕು. ನಿಜವಾದ ಲಾಂಗ್ ಟ್ರಾವೆಲ್ ಅಂದರೆ ಮೇಲಿನ ಕೆಳಗಿನ ಎರಡೂ ಆರ್ಮ್, ಟೈ ರಾಡ್ (ಸ್ಟೀರಿಂಗ್‌ನಿಂದ ಚಕ್ರ ತಿರುಗಿಸುವ ಕಡ್ಡಿ), ಆಕ್ಸಲ್ ಎಲ್ಲವೂ ಅದೇ ಲೆಕ್ಕದಲ್ಲಿ ಉದ್ದವಾಗಬೇಕು. ಒಂದನ್ನು ಉದ್ದ ಮಾಡಿ ಇನ್ನೊಂದನ್ನು ಬಿಟ್ಟರೆ ಚಕ್ರ ಆಡುವಾಗಲೆಲ್ಲ ಸ್ಟೀರಿಂಗ್ ತಾನೇ ತಿರುಗುತ್ತದೆ. ಆರ್ಮ್‌ಗಳನ್ನು ಊರಲ್ಲಿ ಕತ್ತರಿಸಿ ಜೋಡಿಸುವ ಸಾಹಸ ಬೇಡ. ಪರೀಕ್ಷೆ ಮಾಡಿದ ಕಿಟ್ ಸಿಕ್ಕರೆ ಹಾಕಿ, ಸಿಗದಿದ್ದರೆ ಇರುವ ಆರ್ಮ್‌ಗಳಲ್ಲೇ ಪೂರ್ತಿ ಟ್ರಾವೆಲ್ ಬಳಸುವ ಹಾಗೆ ಒಳ್ಳೆಯ ಶಾಕ್ ಹಾಕಿ.

ತುದಿಗೆ ಬರೀ ಉಕ್ಕಿನ ಗುಂಡು ಇರುವ ರಾಡ್ ಎಂಡ್ ಜಾಯಿಂಟ್ ನೋಡಲು ಚಂದ, ಕೋನವೂ ಜಾಸ್ತಿ ಕೊಡುತ್ತದೆ. ಆದರೆ ಸಂಡೂರು, ದೋಣಿಮಲೆ ಕಡೆಯ ಕೆಂಧೂಳಿನಲ್ಲಿ ಬೂಟ್ ಇಲ್ಲದ ಜಾಯಿಂಟ್ ಬೇಗ ಲಟಪಟ ಅನ್ನುತ್ತದೆ. ನಮ್ಮ ಜಿಲ್ಲೆಗಳಿಗೆ ರಬ್ಬರ್ ಬುಷ್, ಬೂಟ್ ಇರುವ ಬಾಲ್ ಜಾಯಿಂಟ್ ಉತ್ತಮ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ರಬ್ಬರ್ ಬುಷ್ ಬೋಲ್ಟ್‌ಗಳನ್ನು ಚಕ್ರ ಜೋತಾಡುವಾಗ ಪೂರ್ತಿ ಬಿಗಿಯಬೇಡಿ. ಕೈಬಿಗಿ ಮಾಡಿ, ಗಾಡಿ ನೆಲಕ್ಕಿಳಿಸಿ, ಭಾರ ಕೂತ ಮೇಲೆ ಟಾರ್ಕ್ ಕೊಡಿ. ಇಲ್ಲದಿದ್ದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಹರಿಯುತ್ತದೆ.

ಜಿಮ್ನಿಯವರಿಗೆ: ಎತ್ತರ ಮಾಡಿದರೆ ಆಕ್ಸಲ್ ಪಕ್ಕಕ್ಕೆ ಜರುಗುತ್ತದೆ, ಯಾಕೆಂದರೆ ಅಡ್ಡ ಹಿಡಿದಿರುವ ಪ್ಯಾನಾರ್ಡ್ ರಾಡ್ ಉದ್ದ ಬದಲಾಗಿಲ್ಲ. ಉದ್ದ ಹೊಂದಿಸಬಹುದಾದ ರಾಡ್ ಬೇಕಾಗುತ್ತದೆ. ಥಾರ್‌ನ ಹಿಂದಿನ ಆಕ್ಸಲ್‌ಗೂ ಇದನ್ನು ಅಳೆದು ನೋಡಿ.

ಹಂತ 5: ಶಾಕ್ ಆರಿಸುವುದು

ಹಂತ 2ರಲ್ಲಿ ಬರೆದ ಅಂಕಿಗಳನ್ನು ಈಗ ತೆಗೆಯಿರಿ. ಚಕ್ರ ಪೂರ್ತಿ ಮೇಲಿದ್ದಾಗ ಎರಡು ಮೌಂಟ್‌ಗಳ ನಡುವಿನ ದೂರ, ಪೂರ್ತಿ ಕೆಳಗಿದ್ದಾಗಿನ ದೂರ ಅಳೆಯಿರಿ. ಮುಚ್ಚಿದಾಗ ಶಾಕ್ ಉದ್ದ ಮೊದಲನೆಯದಕ್ಕಿಂತ 10-15 ಮಿಲಿಮೀಟರ್ ಕಡಿಮೆ ಇರಬೇಕು. ತೆರೆದಾಗ ಎರಡನೆಯದಕ್ಕಿಂತ ಅಷ್ಟೇ ಜಾಸ್ತಿ ಇರಬೇಕು. ಶಾಕ್ ಯಾವತ್ತೂ ತಡೆಗೋಡೆ ಆಗಬಾರದು.

ಶಾಕ್‌ನ ಓಟವೂ ಚಕ್ರದ ಓಟವೂ ಒಂದೇ ಅಲ್ಲ. ಆರ್ಮ್ ಮೇಲೆ ಶಾಕ್ ಒಳಗಡೆ ಕೂತಷ್ಟೂ ಚಕ್ರ ಹೆಚ್ಚು ಆಡುತ್ತದೆ. ಚಕ್ರ 250 ಮಿಲಿಮೀಟರ್ ಆಡಿದಾಗ ಶಾಕ್ 150 ಆಡಿದರೆ ಅನುಪಾತ 0.6. ಹಿಂದೆ ಶಾಕ್ ತುಂಬ ಓರೆ ಕೂರಿಸಿದರೂ ಲೆಕ್ಕ ಬದಲಾಗುತ್ತದೆ. ನೇರಕ್ಕಿಂತ 30 ಡಿಗ್ರಿ ವಾಲಿದ ಶಾಕ್‌ನ ಹಿಡಿತ ಚಕ್ರದ ಹತ್ತಿರ ಸುಮಾರು ಮುಕ್ಕಾಲು ಪಾಲಿಗೆ ಇಳಿಯುತ್ತದೆ.

ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಸಾಲು ಅಲೆ ಎದ್ದ ಗರಸು ರಸ್ತೆಯಲ್ಲಿ ಶಾಕ್ ಬಿಡುವಿಲ್ಲದೆ ಆಡಿ ಎಣ್ಣೆ ಕಾಯುತ್ತದೆ, ಹಿಡಿತ ತಪ್ಪುತ್ತದೆ. ಅದಕ್ಕೆ ದಪ್ಪ ಕೊಳವೆಯ, ನೈಟ್ರೋಜನ್ ತುಂಬಿದ ಮೊನೊಟ್ಯೂಬ್ ಶಾಕ್ ಒಳ್ಳೆಯದು. ಬಿಚ್ಚಿ ಸೀಲ್ ಬದಲಾಯಿಸಲು ಬರುವಂಥದ್ದಾದರೆ ಇನ್ನೂ ಒಳ್ಳೆಯದು. ಆದರೆ ಗ್ಯಾಸ್ ತುಂಬುವ ಸೌಲಭ್ಯ ಎಲ್ಲಿದೆ ಅಂತ ಕೊಳ್ಳುವ ಮುಂಚೆ ಕೇಳಿಕೊಳ್ಳಿ. ರಾಡ್‌ಗೆ ಧೂಳುಕವಚ ಇರಲಿ.

ಹಂತ 6: ಎರಡು ತಡೆ

ಮೇಲೆ ಬಂಪ್ ಸ್ಟಾಪರ್, ಕೆಳಗೆ ಲಿಮಿಟ್ ಸ್ಟ್ರಾಪ್. ಬಂಪ್ ಸ್ಟಾಪರ್ ಒತ್ತಿ ಚಪ್ಪಟೆಯಾದ ಮೇಲೂ ಟೈರ್ ಎಲ್ಲೂ ತಾಗಬಾರದು, ಶಾಕ್ ಪೂರ್ತಿ ಮುಚ್ಚಬಾರದು. ತಾಗಿದರೆ ಸ್ಟಾಪರ್ ಕೆಳಗೆ ಇಳಿಸಿ. ಟ್ರಾವೆಲ್ ಸ್ವಲ್ಪ ಕಡಿಮೆ ಆದರೂ ಪರವಾಗಿಲ್ಲ.

ಲಿಮಿಟ್ ಸ್ಟ್ರಾಪ್ ಅಂದರೆ ಆಕ್ಸಲ್ ಅಥವಾ ಆರ್ಮ್ ಮಿತಿ ಮೀರಿ ಇಳಿಯದಂತೆ ಹಿಡಿಯುವ ನೈಲಾನ್ ಪಟ್ಟಿ. ಭಾರ ಬಿದ್ದಾಗ ಇದು ಹಿಗ್ಗುತ್ತದೆ. ಅಡಿಗೆ ಸುಮಾರು ಒಂದು ಇಂಚು ಅಂತ ಲೆಕ್ಕ ಇಟ್ಟು ಅಷ್ಟು ಗಿಡ್ಡವಾಗಿ ಕಟ್ಟಿ. ಮುಂದಿನ ಸಿವಿ ಜಾಯಿಂಟ್ ಸಿಕ್ಕಿಕೊಳ್ಳುವ ಮೊದಲೇ ಸ್ಟ್ರಾಪ್ ಬಿಗಿಯಾಗಬೇಕು.

ನಿಧಾನ ಬಂಡೆ ಹತ್ತುವವರಿಗೆ ಡ್ರೂಪ್ ಜಾಸ್ತಿ ಇದ್ದರೆ ಲಾಭ. ವೇಗವಾಗಿ ಗರಸು ರಸ್ತೆ, ಹೊಲದ ದಾರಿ ಓಡಿಸುವವರಿಗೆ ಬಂಪ್ ಜಾಸ್ತಿ ಬೇಕು. ಎರಡೂ ಮಾಡುವವರು ಅರ್ಧರ್ಧ ಇಟ್ಟುಕೊಳ್ಳಿ.

ಹಂತ 7: ಬಲಪಡಿಸುವುದು

ಮೊದಲು ಇರುವ ಬಿರುಕು ಹುಡುಕಿ. ಮೌಂಟ್‌ಗಳ ಸುತ್ತ ಮಣ್ಣು, ಗ್ರೀಸ್ ತೆಗೆದು ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಪೂರ್ತಿ ಒರೆಸಿ ಸೀಮೆಸುಣ್ಣ ಬಳಿಯಿರಿ. ಬಿರುಕಿದ್ದರೆ ಒಳಗೆ ಹೊಕ್ಕ ಎಣ್ಣೆ ಹೊರಬಂದು ಸುಣ್ಣದ ಮೇಲೆ ಗೆರೆ ಮೂಡಿಸುತ್ತದೆ. ಬೆಂಕಿಯ ಕೆಲಸಕ್ಕೆ ಮುಂಚೆ ಆ ಎಣ್ಣೆ ಚೆನ್ನಾಗಿ ತೊಳೆದು ಒಣಗಿಸಿ.

ಶಾಕ್ ಮೇಲಿನ ಮೌಂಟ್, ಕೆಳಗಿನ ಆರ್ಮ್ ಚಾಸಿಗೆ ಕೂಡುವ ಜಾಗ, ಲೀಫ್ ಹ್ಯಾಂಗರ್, ಸ್ಟೀರಿಂಗ್ ಗೇರ್ ಕೂತ ಜಾಗ. ಮೊದಲು ಬಿರಿಯುವುದು ಇವೇ. ಇಲ್ಲಿ ಚಾಸಿಯ ದಪ್ಪಕ್ಕೆ ಹತ್ತಿರದ ಪ್ಲೇಟ್ ಹಾಕಿ, ಸಾಮಾನ್ಯವಾಗಿ 3ರಿಂದ 5 ಮಿಲಿಮೀಟರ್. ಚಾಸಿಗಿಂತ ಎಷ್ಟೋ ದಪ್ಪದ ಪ್ಲೇಟ್ ಹಾಕಿದರೆ ಪ್ಲೇಟ್ ಮುಗಿದ ಗೆರೆಯಲ್ಲೇ ಚಾಸಿ ಸೀಳುತ್ತದೆ. ಪ್ಲೇಟಿನ ತುದಿ ನೇರ ಕತ್ತರಿಸಬೇಡಿ. ಮೀನಿನ ಬಾಯಿಯಂತೆ ಒಳಕ್ಕೆ ಕೊರೆದು ಅಥವಾ ಓರೆಯಾಗಿ ಕತ್ತರಿಸಿ. ಚಾಸಿಯ ಅಡ್ಡಕ್ಕೆ, ಮೇಲಿಂದ ಕೆಳಗೆ ನೇರ ಗೆರೆಯ ವೆಲ್ಡಿಂಗ್ ಬೇಡವೇ ಬೇಡ. ಪ್ಲೇಟಿನ ನಡುವೆ ತೂತು ಕೊರೆದು ಅದರೊಳಗೆ ತುಂಬಿ ಬೆಸೆಯಿರಿ.

ಬಳ್ಳಾರಿ, ಹೊಸಪೇಟೆಯಲ್ಲಿ ಟಿಪ್ಪರ್ ಕೆಲಸ ಮಾಡುವ ವೆಲ್ಡರ್‌ಗಳ ಕೈ ಚೆನ್ನಾಗಿರುತ್ತದೆ. ಆದರೂ ಕೇಳಿ ತಿಳಿದುಕೊಳ್ಳಿ. ಗೇಟು, ಗ್ರಿಲ್ಲಿಗೆ ಬಳಸುವ 6013 ರಾಡ್ ಬದಲು ಒಣಗಿಸಿಟ್ಟ 7018 ರಾಡ್, ಅಥವಾ ಮಿಗ್ ವೆಲ್ಡಿಂಗ್ ಬಳಸಲು ಹೇಳಿ. ಪೇಂಟ್, ತುಕ್ಕು ಪೂರ್ತಿ ಕೆರೆದು ಲೋಹ ಹೊಳೆಯಬೇಕು.

ಕೆಲವು ಎಚ್ಚರಿಕೆ. ಬ್ಯಾಟರಿ ನೆಗೆಟಿವ್ ತೆಗೆಯಿರಿ. ಅರ್ಥಿಂಗ್ ಕ್ಲಾಂಪ್ ಬೆಸೆಯುವ ಜಾಗದ ಪಕ್ಕದಲ್ಲೇ ಇರಲಿ, ಕರೆಂಟ್ ಬೇರಿಂಗ್ ಮೂಲಕ ಹರಿದರೆ ಬೇರಿಂಗ್ ಹೋಯಿತು. ಡೀಸೆಲ್ ಪೈಪ್, ಬ್ರೇಕ್ ಪೈಪ್ ಸರಿಸಿ. ಗ್ಯಾಸ್ ತುಂಬಿದ ಶಾಕ್ ಬಿಚ್ಚಿ ದೂರ ಇಡಿ. ಲೀಫ್ ಪಟ್ಟಿಗೆ, ಸ್ಟೀರಿಂಗ್ ನಕಲ್‌ಗೆ (ಚಕ್ರದ ಹಬ್ ಹಿಡಿದು ತಿರುಗುವ ತುಂಡು) ವೆಲ್ಡಿಂಗ್ ತಾಗಿಸಲೇಬೇಡಿ. ಹಿಂದಿನ ಹೌಸಿಂಗ್ ಮೇಲೆ ಬಲಪಟ್ಟಿ ಹಾಕುವುದಾದರೆ ಆಕ್ಸಲ್ ಶಾಫ್ಟ್ ತೆಗೆದು, ಚಿಕ್ಕ ಚಿಕ್ಕ ಹೊಲಿಗೆ ಹಾಕಿ, ಜಾಗ ಬದಲಾಯಿಸುತ್ತ, ಆರಲು ಬಿಡುತ್ತ ಹೋಗಿ. ಒಂದೇ ಉಸಿರಿಗೆ ಎಳೆದರೆ ಹೌಸಿಂಗ್ ಬಾಗುತ್ತದೆ, ಆಮೇಲೆ ಯಾವ ಅಲೈನ್‌ಮೆಂಟೂ ಕೂರುವುದಿಲ್ಲ.

ಹಂತ 8: ಜೊತೆಗೆ ಉದ್ದವಾಗಬೇಕಾದವು

ಬ್ರೇಕ್ ಹೋಸ್, ಎಬಿಎಸ್ ವೈರ್, ಹೌಸಿಂಗ್‌ನ ಬ್ರೀದರ್ (ಗಾಳಿ ಆಡುವ) ಪೈಪ್. ಚಕ್ರ ಪೂರ್ತಿ ಕೆಳಗೆ, ಸ್ಟೀರಿಂಗ್ ಪೂರ್ತಿ ತಿರುಗಿದಾಗಲೂ ಇವು ಸಡಿಲ ಇರಬೇಕು.

ಒಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೂ ಚಾಸಿಗೂ ನಡುವೆ ಸಣ್ಣ ಕಡ್ಡಿ ಕಟ್ಟಿದ ಬ್ರೇಕ್ ವಾಲ್ವ್ ಇರುತ್ತದೆ. ಎಲ್‌ಎಸ್‌ಪಿವಿ ಅಂತಾರೆ. ಗಾಡಿ ತಗ್ಗಿದ್ದರೆ ಲೋಡ್ ಇದೆ ಅಂತ ಹಿಂದೆ ಬ್ರೇಕ್ ಜಾಸ್ತಿ ಕೊಡುತ್ತದೆ, ಎತ್ತರ ಇದ್ದರೆ ಖಾಲಿ ಅಂತ ಕಡಿಮೆ ಕೊಡುತ್ತದೆ. ನೀವು ಗಾಡಿ ಎತ್ತರಿಸಿದರೆ ಅದಕ್ಕೆ ಯಾವಾಗಲೂ ಖಾಲಿ ಅಂತಲೇ ಕಾಣುತ್ತದೆ. ಲೋಡ್ ಹಾಕಿ ಇಳಿಜಾರಿನಲ್ಲಿ ಬರುವಾಗ ಹಿಂದಿನ ಬ್ರೇಕ್ ಸಾಲದಾಗುತ್ತದೆ. ಬ್ರಾಕೆಟ್ ಹಾಕಿ ಕಡ್ಡಿಯ ಕೋನ ಮೊದಲಿನಂತೆ ತನ್ನಿ.

ಹಂತ 9: ಅಲೈನ್‌ಮೆಂಟ್

ಮೂರು ಕೋನ ತಿಳಿದಿರಲಿ. ಕ್ಯಾಂಬರ್: ಮುಂದಿನಿಂದ ನೋಡಿದಾಗ ಚಕ್ರದ ತಲೆ ಒಳಗೆ ಅಥವಾ ಹೊರಗೆ ವಾಲಿರುವುದು. ಕ್ಯಾಸ್ಟರ್: ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವುದು. ಸ್ಟೀರಿಂಗ್ ತಾನೇ ನೇರಕ್ಕೆ ಮರಳುವುದು ಮುಖ್ಯವಾಗಿ ಇದರಿಂದ. ಟೋ: ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮೂತಿ ಒಳಮುಖವೋ ಹೊರಮುಖವೋ ಅನ್ನುವುದು.

ಗಾಡಿ ಎತ್ತರವಾದರೆ ಕ್ಯಾಸ್ಟರ್ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಹೈವೇಯಲ್ಲಿ ಗಾಡಿ ಅತ್ತಿತ್ತ ಅಲೆದಾಡುವುದು, ತಿರುವಿನ ನಂತರ ಸ್ಟೀರಿಂಗ್ ವಾಪಸ್ ಬರದಿರುವುದು ಇದರ ಗುರುತು. ಮೇಲಿನ ಆರ್ಮ್ ಬದಲಾಯಿಸಿದವರಿಗೆ ಇದನ್ನು ಸರಿಮಾಡುವುದು ಸುಲಭ. ಜಿಪ್ಸಿಯಲ್ಲಿ ಓರೆ ಶಿಮ್, ಜಿಮ್ನಿಯಲ್ಲಿ ಮುಂದಿನ ಆರ್ಮ್‌ಗೆ ಕೇಂದ್ರ ಸರಿಸಿದ ಬುಷ್ ಬೇಕು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ, ಇದು ಅಲೈನ್‌ಮೆಂಟ್ ಮಷಿನ್ ತೋರಿಸುವುದಿಲ್ಲ. ಹಂತ 2ರಲ್ಲಿ ಸ್ಪ್ರಿಂಗ್ ಇಲ್ಲದೆ ಚಕ್ರ ಆಡಿಸಿದ ಹಾಗೆ ಆಡಿಸುವಾಗಲೇ, ಸ್ಟೀರಿಂಗ್ ನೇರ ಕಟ್ಟಿಹಾಕಿ, ಪ್ರತಿ 25 ಮಿಲಿಮೀಟರ್‌ಗೆ ಟೋ ಅಳೆಯಿರಿ. ಟೈರ್‌ನ ಮುಂದಿನ ಅಂಚುಗಳ ನಡುವಿನ ದೂರ, ಹಿಂದಿನ ಅಂಚುಗಳ ನಡುವಿನ ದೂರ, ಎರಡರ ವ್ಯತ್ಯಾಸವೇ ಟೋ. ಹಬ್ ಎತ್ತರದಲ್ಲೇ ಅಳೆಯಬೇಕು. ಚಕ್ರ ಆಡಿದಂತೆ ಟೋ ಜೋರಾಗಿ ಬದಲಾದರೆ ಅದಕ್ಕೆ ಬಂಪ್ ಸ್ಟಿಯರ್ ಅಂತಾರೆ. ಹಳ್ಳಕ್ಕೆ ಬಿದ್ದಾಗಲೆಲ್ಲ ಗಾಡಿ ತಾನೇ ತಿರುಗುವುದು ಇದರಿಂದ. ಟೈ ರಾಡ್ ಮತ್ತು ಕೆಳಗಿನ ಆರ್ಮ್ ಹೆಚ್ಚುಕಡಿಮೆ ಒಂದೇ ಓರೆಯಲ್ಲಿ ಇರುವಂತೆ ತಂದರೆ ಕಡಿಮೆಯಾಗುತ್ತದೆ. ಗಟ್ಟಿ ಆಕ್ಸಲ್ ಮತ್ತು ಕಾಯಿಲ್ ಇರುವ ಗಾಡಿಯಲ್ಲಿ ಡ್ರ್ಯಾಗ್ ಲಿಂಕ್ (ಸ್ಟೀರಿಂಗ್ ಗೇರ್‌ನಿಂದ ಚಕ್ರದ ಕಡೆ ಹೋಗುವ ಕಡ್ಡಿ) ಮತ್ತು ಪ್ಯಾನಾರ್ಡ್ ರಾಡ್ ಒಂದಕ್ಕೊಂದು ಸಮಾನಾಂತರ ಇರಬೇಕು.

ಆಮೇಲೆ ಅಲೈನ್‌ಮೆಂಟ್ ಸೆಂಟರ್‌ಗೆ ಹೋಗಿ. ಟೈರ್ ಗಾಳಿ ಸಮ ಮಾಡಿಸಿ, ನೀವು ದಿನಾ ಹೊರುವ ಸಾಮಾನು ಹಾಗೇ ಇರಲಿ. ಕೆಲಸದ ಕ್ರಮ ನೀವೇ ಹೇಳಿ: ಮೊದಲು ಕ್ಯಾಸ್ಟರ್, ಆಮೇಲೆ ಕ್ಯಾಂಬರ್, ಕೊನೆಗೆ ಟೋ. ಮೊದಲೆರಡು ಬದಲಾದರೆ ಟೋ ತಾನೇ ಬದಲಾಗುತ್ತದೆ, ಹಾಗಾಗಿ ಅದು ಕೊನೆಗೇ ಆಗಬೇಕು. ಅವಸರದಲ್ಲಿ ಟೋ ಒಂದನ್ನೇ ಸರಿಮಾಡಿ ಕಳಿಸುವುದೂ ಇದೆ. ಮೂರು ಅಂಕಿಗಳೂ ಇರುವ ಪ್ರಿಂಟ್ ಕೇಳಿ ತೆಗೆದುಕೊಳ್ಳಿ. ಎಡಬಲಗಳ ನಡುವೆ ವ್ಯತ್ಯಾಸ ಎಷ್ಟಿದೆ ನೋಡಿ, ಗಾಡಿ ಒಂದು ಕಡೆ ಎಳೆಯುವುದು ಅದರಿಂದಲೂ ಇರಬಹುದು. ಹೈಲಕ್ಸ್ ಥರದ ಸ್ಟೆಬಿಲಿಟಿ ಕಂಟ್ರೋಲ್ ಇರುವ ಗಾಡಿಗೆ ಸ್ಟೀರಿಂಗ್ ಆಂಗಲ್ ಸೆನ್ಸರ್ ಕೂಡ ಮತ್ತೆ ಸೊನ್ನೆಗೆ ತರಿಸಿ. ಹೆಡ್‌ಲೈಟ್ ತಗ್ಗಿಸುವುದು ಮರೆಯಬೇಡಿ, ಎದುರಿಗೆ ಬರುವವರ ಕಣ್ಣು ಕುಕ್ಕುತ್ತದೆ.

ಗಟ್ಟಿ ಆಕ್ಸಲ್ ಗಾಡಿಯಲ್ಲಿ ಅಲೈನ್‌ಮೆಂಟ್ ಆದ ಮೇಲೂ ಸ್ಟೀರಿಂಗ್ ಜೋರಾಗಿ ಒದರಿದರೆ ಸ್ಟೀರಿಂಗ್ ಡ್ಯಾಂಪರ್ ಬದಲಾಯಿಸಿ ಸುಮ್ಮನಾಗಬೇಡಿ. ಅದು ರೋಗ ಮುಚ್ಚಿಡುತ್ತದೆ. ಪ್ಯಾನಾರ್ಡ್ ರಾಡ್ ಬುಷ್, ಅದರ ಬೋಲ್ಟ್ ತೂತು, ಟೈರ್ ಬ್ಯಾಲೆನ್ಸ್ ಮೊದಲು ನೋಡಿ.

ಹಂತ 10: ಓಡಿಸಿ, ಮತ್ತೆ ಬಿಗಿಯುವುದು

ಮೊದಲು ಖಾಲಿ ಜಾಗದಲ್ಲಿ ನಿಧಾನ ವೇಗಕ್ಕೆ ಬ್ರೇಕ್ ಹೊಡೆದು ನೋಡಿ. ಗಾಡಿ ನೇರ ನಿಲ್ಲಬೇಕು. ಸುಮಾರು 100 ಕಿಲೋಮೀಟರ್ ಆದ ಮೇಲೆ ಯು ಬೋಲ್ಟ್, ಆರ್ಮ್ ಬೋಲ್ಟ್, ಶಾಕ್ ಬೋಲ್ಟ್ ಎಲ್ಲವನ್ನೂ ಟಾರ್ಕ್ ರೆಂಚ್‌ನಿಂದ ಮತ್ತೆ ಪರೀಕ್ಷಿಸಿ. 500 ಕಿಲೋಮೀಟರ್‌ಗೆ ಇನ್ನೊಮ್ಮೆ. ಅಷ್ಟರಲ್ಲಿ ಹೊಸ ಸ್ಪ್ರಿಂಗ್ ಸ್ವಲ್ಪ ಕೂತಿರುತ್ತದೆ. ಹಂತ 1ರ ಅಳತೆ ಮತ್ತೆ ತೆಗೆದು ನೋಡಿ, ಬದಲಾಗಿದ್ದರೆ ಅಲೈನ್‌ಮೆಂಟ್ ಎರಡನೇ ಸಲ ಮಾಡಿಸಿ. ಆ ಖರ್ಚು ಒಂದು ಟೈರ್ ಬೆಲೆಯ ಮುಂದೆ ಏನೂ ಅಲ್ಲ.

ಮಳೆಗಾಲದಲ್ಲಿ ಸಿರುಗುಪ್ಪ, ಸಿಂಧನೂರು, ಮಾನ್ವಿ ಕಡೆಯ ಎರೆ ಮಣ್ಣಿಗೆ ಇಳಿದು ಬಂದರೆ ಅವತ್ತೇ ತೊಳೆಯಿರಿ. ಆ ಮಣ್ಣು ಮಡ್‌ಗಾರ್ಡ್ ಒಳಗೆ, ಬಂಪ್ ಸ್ಟಾಪರ್ ಸುತ್ತ ಮೆತ್ತಿಕೊಂಡು ಒಣಗಿದರೆ ಗಟ್ಟಿ ಹೆಂಟೆಯಾಗಿ ಚಕ್ರದ ಜಾಗ ತಿನ್ನುತ್ತದೆ, ಮುಂದಿನ ಸಲ ಶಾಕ್ ರಾಡ್‌ನ ಸೀಲ್ ಗೀರುತ್ತದೆ. ಪ್ರೆಷರ್ ವಾಷರ್ ನೀರನ್ನು ನೇರ ಸೀಲ್ ಮೇಲೆ, ಬಾಲ್ ಜಾಯಿಂಟ್ ಬೂಟ್ ಮೇಲೆ ಬಿಡಬೇಡಿ. ತೊಳೆದ ಮೇಲೆ ಬೂಟ್ ಹರಿದಿದೆಯೇ, ಶಾಕ್‌ನಲ್ಲಿ ಎಣ್ಣೆ ಒಸರಿದೆಯೇ, ಬೆಸೆದ ಪ್ಲೇಟ್‌ಗಳ ತುದಿಯಲ್ಲಿ ಪೇಂಟ್ ಬಿರಿದಿದೆಯೇ ನೋಡಿ. ಬಿಗಿದ ಪ್ರತಿ ನಟ್ ಮೇಲೆ ಪೇಂಟ್ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಡಿ. ಗೆರೆ ಜರುಗಿದ್ದರೆ ನಟ್ ಸಡಿಲಾಗಿದೆ ಅಂತ ನಿಂತಲ್ಲೇ ಗೊತ್ತಾಗುತ್ತದೆ. ಹಾಗೆ ಸಡಿಲಾದದ್ದು ಯು ಬೋಲ್ಟ್ ನಟ್ ಆಗಿದ್ದರೆ ಬಿಗಿದು ಹೊರಟುಬಿಡಬೇಡಿ. ಸೆಂಟರ್ ಬೋಲ್ಟ್ ತುಂಡಾಗಿದೆಯೇ ಅಂತ ಬಿಚ್ಚಿ ನೋಡಿಯೇ ಮುಂದೆ ಹೋಗಿ.